ಕಲ್ಯಾಣದ ಹರಳಯ್ಯ

ಹುಮನಾಬಾದಿನ ಪಶ್ಚಿಮಕ್ಕಿರುವ ಬಸವಕಲ್ಯಾಣವು 12ನೆಯ ಶತಮಾನದಲ್ಲಿ ದೊಡ್ಡ ರಾಜಧಾನಿಯಾಗಿತ್ತು. ಕಳಚುರಿ ಅರಸನಾದ ಬಿಜ್ಜಳನು ಅಲ್ಲಿ ಆಳುತ್ತಿದ್ದಾಗ ಹರಳಯ್ಯನೆಂಬ ಸಮಗಾರನು ತನ್ನ ಹೆಂಡತಿಯಾದ ಕಲ್ಯಾಣಮ್ಮನ ಸಂಗಡ ಕೆರ ಹೊಲಿದು ಜೀವಿಸುತ್ತಿದ್ದನು. ಆತನ ಚರಿತ್ರೆಯು ಪುರಾಣಗಳಲ್ಲಿಯೂ ಜನರ ಬಾಯಲ್ಲಿಯೂ ಉಳಿದು ಬಂದದ್ದಾಗಿದೆ. ಅದನ್ನೇ ನಾವು ಇಲ್ಲಿ ಹೇಳುತ್ತೇವೆ.

ಒಂದು ದಿನ ಆತನು ದಾರಿಯಲ್ಲಿ ಅರಸನ ಭಂಡಾರಿಯಾದ ಬಸವಣ್ಣನನ್ನು ಕಂಡು ಒಂದು ಸಾರಿ ವಂದಿಸಲು, ಬಸವಣ್ಣನು ಎರಡು ಸಾರಿ ಪ್ರತಿವಂದನೆ ಮಾಡಿದನಂತೆ. ಹೆಚ್ಚಿನ ಆ ಒಂದು ವಂದನೆಯು ಹರಳಯ್ಯನಿಗೆ ಹೊರಲಾರದ ಋಣವಾಗಿ ತೋರಿತು. ಗಂಡಹೆಂಡಿರು ತಮ್ಮ ತೊಡೆಯ ಚರ್ಮದಿಂದಲೇ ಕೆರಗಳನ್ನು ಮಾಡಿ ಆತನಿಗೆ ಒಪ್ಪಿಸಿದರೆಂದು ಹೇಳುತ್ತಾರೆ. ಇದು ನಡೆದದ್ದೋ ಕಟ್ಟಿದ್ದೋ ಎಂದು ವಾದಿಸುವವರು ವಾದಿಸಲಿ. ಸಮಗಾರನಿಗೆ ದೊರೆತ ವಂದನೆಯು ಆ ಕಾಲದಲ್ಲಿ ಎಷ್ಟು ಅಪರೂಪವಾಗಿತ್ತೆಂಬದು ಇದರಿಂದ ತಿಳಿಯುವದು.

ಆತನ ಮಗನಾದ ಶೀಲವಂತನಿಗೂ, ಬ್ರಾಹ್ಮಣಕುಲದಲ್ಲಿ ಹುಟ್ಟಿ ಶರಣನಾಗಿದ್ದ ಮಧುವರಸನ ಮಗಳಿಗೂ ಲಗ್ನವಾಯಿತು. ಲಿಂಗಧಾರಣೆಯಾದ ಮೇಲೆ ಹಿಂದಿನ ಜಾತಿಯು ಉಳಿಯದೆಂಬದು ಶರಣರ ನ್ಯಾಯ. ಇದು ವರ್ಣಸಂಕರವೆಂದು ಅರಸನ ಬಳಿಗೆ ದೂರು ಹೋಯಿತು. ಬಿಜ್ಜಳನು ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿಸಿ ಪಟ್ಟಣದ ಬೀದಿಗಳಲ್ಲಿ ಎಳೆಸಿ ಕೊಲ್ಲಿಸಿದನು. ಕಣ್ಣು ಕೀಳಿಸಿದನೆಂದು ಹೇಳುವ ಪುರಾಣಗಳೂ ಉಂಟು.

ವಾಚಕರು ಇಲ್ಲಿ ನಮ್ಮೊಂದಿಗೆ ಸ್ವಲ್ಪ ನಿಲ್ಲಬೇಕು. ಬೀದಿಯಲ್ಲಿ ಎಳೆಸುವ ದಂಡನೆಯನ್ನು ಜನರು ನೋಡಲೆಂದೇ ಮಾಡಿಸುವದು. ಆದರೂ ಆ ಆನೆಗೆ ಅಡ್ಡ ನಿಂತವನೊಬ್ಬನೂ ನಾವು ಬಲ್ಲ ಕಥೆಯಲ್ಲಿ ಬರುವದಿಲ್ಲ. ನೋಡಿದವರೆಲ್ಲರೂ ಕ್ರೂರರೆಂದು ನಾವು ನೆನಸುವದಿಲ್ಲ. ಅರಸನ ಭಯವೊಂದೇ ಕಾರಣವೆಂದೂ ಒಪ್ಪುವದಿಲ್ಲ. ಕಳ್ಳರು ಇಬ್ಬರು ವರ್ತಕರನ್ನು ಹಾಗೆ ಎಳೆದಿದ್ದರೆ ಊರೇ ಕೂಗುತ್ತಿತ್ತು. ಲಗ್ನವು ಅಪರಾಧ, ಎಳೆಸುವದು ನ್ಯಾಯ ಎಂದು ಲೋಕದ ಕಟ್ಟಳೆಯು ಮೊದಲೇ ತೀರಿಸಿಟ್ಟಿದ್ದರಿಂದ, ಕಣ್ಣೆದುರಿನ ಕೊಲೆಯು ಕೊಲೆಯಾಗಿ ಕಾಣಲಿಲ್ಲ. ಒಳಗೆ ಮರುಗಿದವನೂ ನೆರೆಯವನ ಮೋರೆ ನೋಡಿ, ಅವನು ಸುಮ್ಮನಿರುವದನ್ನು ಕಂಡು, ತಾನೂ ಸುಮ್ಮನಾಗಿರಬೇಕು. ಇಂಥ ಲಗ್ನಕ್ಕಾಗಿ ಮನೆಯವರೇ ಮಕ್ಕಳನ್ನು ಕೊಲ್ಲುವದೂ, ಬಲ್ಲವರು ಬಾಯಿ ಮುಚ್ಚಿಕೊಂಡಿರುವದೂ ನಮ್ಮ ಕಾಲದಲ್ಲಿ ನಿಂತಿಲ್ಲ.

ಶರಣರಲ್ಲಿ ಕೆಲವರು ಎದ್ದರು, ಆದರೆ ತಡವಾಗಿ. ಜಗದೇವನೂ ಬೊಮ್ಮರಸನೂ ಬಿಜ್ಜಳನನ್ನು ಕೊಂದರೆಂದು ಪ್ರತೀತಿ. ಆ ಅರಸನ ಆಳಿಕೆಯು 1167ರ ಸುಮಾರಿಗೆ ಮುಗಿಯಿತು. ಅದು ಸೇಡಾಯಿತೇ ಹೊರತು ಬೀಗರ ಪ್ರಾಣವನ್ನು ಉಳಿಸಲಿಲ್ಲ. ಬಸವಣ್ಣನು ಅಧಿಕಾರವನ್ನು ಬಿಟ್ಟು ಕೂಡಲಸಂಗಮಕ್ಕೆ ಹೋದನು. ಶರಣರು ಉಳವಿ ಮೊದಲಾದ ಕಡೆಗಳಿಗೆ ಚದರಿದರು. ಕಲ್ಯಾಣಕ್ಕೆ 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಬಸವಣ್ಣನ ಹೆಸರು ಕೂಡಿಕೊಂಡಿತು. ಹರಳಯ್ಯನ ಹೆಸರನ್ನು ಸಮಗಾರರು ಇಂದಿಗೂ ತಮ್ಮ ಸಮಾಜಕ್ಕೆ ಇಟ್ಟುಕೊಂಡಿದ್ದಾರೆ.