ಚುಕ್ಕಿ ಇಟ್ಟ ಮೇಷ್ಟ್ರು

ಎರಡು ವೆಕ್ಟರ್ ಕೊಟ್ಟು ಡಾಟ್ ಪ್ರಾಡಕ್ಟ್ ತೆಗೀರಿ ಅಂದ್ರೆ ನಾವು ಯೋಚನೆ ಮಾಡೋದೇ ಇಲ್ಲ. ಮೊದಲನೆಯದನ್ನು ಮೊದಲನೆಯದಕ್ಕೆ, ಎರಡನೆಯದನ್ನು ಎರಡನೆಯದಕ್ಕೆ, ಮೂರನೆಯದನ್ನು ಮೂರನೆಯದಕ್ಕೆ ಗುಣಿಸಿ, ಕೂಡಿಸಿ ಮುಂದೆ ಹೋಗ್ತೀವಿ. ಆ ಚುಕ್ಕಿಯನ್ನು ನಮ್ಮ ನೋಟ್‌ಬುಕ್‌ವರೆಗೂ ತಂದವರು ಜೋಸಯಾ ವಿಲರ್ಡ್ ಗಿಬ್ಸ್.

ಗಿಬ್ಸ್ ಹುಟ್ಟಿದ್ದು 1839ರಲ್ಲಿ, ಅಮೆರಿಕದ ನ್ಯೂ ಹೇವನ್‌ನಲ್ಲಿ. ಅಪ್ಪ ಅಲ್ಲಿನ ಯೇಲ್‌ನಲ್ಲೇ ಪ್ರಾಧ್ಯಾಪಕರು. ಮಗ ಮಾತ್ರ ನಮ್ಮ ಪೈಕಿ, ಇಂಜಿನಿಯರ್! 1863ರಲ್ಲಿ ಗಿಯರ್ ಹಲ್ಲುಗಳ ಆಕಾರದ ಮೇಲೆ ಪ್ರಬಂಧ ಬರೆದು ಯೇಲ್‌ನಿಂದ ಪಿಎಚ್‌ಡಿ ಪಡೆದರು. ಅಮೆರಿಕದಲ್ಲಿ ಇಂಜಿನಿಯರಿಂಗ್‌ಗೆ ಸಿಕ್ಕ ಮೊದಲ ಪಿಎಚ್‌ಡಿ ಅದು. ಆಮೇಲೆ ಪ್ಯಾರಿಸ್, ಬರ್ಲಿನ್, ಹೈಡೆಲ್‌ಬರ್ಗ್‌ಗಳಲ್ಲಿ ಓದಿ ಊರಿಗೆ ವಾಪಸ್ ಬಂದರು. 1871ರಲ್ಲಿ ಯೇಲ್ ಅವರನ್ನು ಪ್ರಾಧ್ಯಾಪಕರನ್ನಾಗಿ ಮಾಡಿತು, ಆದರೆ ಸಂಬಳ ಕೊಡಲಿಲ್ಲ. ಹೆಚ್ಚುಕಮ್ಮಿ ಒಂಬತ್ತು ವರ್ಷ ಹಾಗೇ ಪಾಠ ಮಾಡಿದರು.

ಆಗ ಚಾಲ್ತಿಯಲ್ಲಿದ್ದದ್ದು ಹ್ಯಾಮಿಲ್ಟನ್ 1843ರಲ್ಲಿ ಕಂಡುಹಿಡಿದ ಕ್ವಾಟರ್ನಿಯನ್ ಗಣಿತ. ಅದರಲ್ಲಿ ಐ ವರ್ಗ ಅಂದ್ರೆ −1. ಎರಡು ವೆಕ್ಟರ್ ಗುಣಿಸಿದರೆ ಒಂದು ಸಂಖ್ಯೆ, ಒಂದು ವೆಕ್ಟರ್ ಎರಡೂ ಒಟ್ಟಿಗೇ ಅಂಟಿಕೊಂಡು ಬರುತ್ತಿದ್ದವು. ಅದರಲ್ಲೂ ಸಂಖ್ಯೆಗೆ ಮೈನಸ್ ಚಿಹ್ನೆ. ಬಲ ಹಾಕಿದ ದಿಕ್ಕಿನಲ್ಲೇ ವಸ್ತು ಚಲಿಸಿದರೂ ಗುಣಲಬ್ಧದ ಸಂಖ್ಯೆ ಋಣ! ಮ್ಯಾಕ್ಸ್‌ವೆಲ್‌ರ ವಿದ್ಯುತ್ ಗ್ರಂಥ ಓದುವಾಗ ಗಿಬ್ಸ್‌ಗೆ ಅನಿಸಿತು, ಭೌತಶಾಸ್ತ್ರಕ್ಕೆ ಈ ಎರಡು ಭಾಗ ಬೇಕಾಗೋದು ಬೇರೆ ಬೇರೆಯಾಗಿ. ಸರಿ, ಬಿಡಿಸಿಯೇ ಬಿಟ್ಟರು. ಒಂದು ಡಾಟ್, ಇನ್ನೊಂದು ಕ್ರಾಸ್.

ಡಾಟ್‌ನಲ್ಲಿ ಐ·ಐ = 1. ಐ·ಜೆ = 0, ಯಾಕಂದ್ರೆ ಲಂಬವಾಗಿರೋ ಎರಡರಲ್ಲಿ ಒಂದರ ನೆರಳು ಇನ್ನೊಂದರ ಮೇಲೆ ಬೀಳೋದಿಲ್ಲ. ಈಗ (2, 3, 1) ಮತ್ತು (4, −1, −5) ತಗೊಳ್ಳಿ. ಪೂರ್ತಿ ಬಿಡಿಸಿ ಗುಣಿಸಿದರೆ ಒಂಬತ್ತು ಪದಗಳು ಬರ್ತವೆ. ಆರು ಪದಗಳು ಲಂಬ ಜೋಡಿಗಳದ್ದು, ಸೊನ್ನೆಯಾಗಿ ಹೋಗ್ತವೆ. ಉಳಿದದ್ದು 8 − 3 − 5 = 0. ಅಂದ್ರೆ ಚಿತ್ರ ಬರೆಯದೆ, ಕೋನ ಅಳೆಯದೆ ಈ ಎರಡು ವೆಕ್ಟರ್‌ಗಳು ಲಂಬ ಅಂತ ಗೊತ್ತಾಯ್ತು. ನಾವು ಬಾಯಿಪಾಠ ಮಾಡೋ ಸೂತ್ರ ಇಷ್ಟೇ. ಅಕ್ಷಗಳೇ ಓರೆಯಾಗಿದ್ದರೆ ಆ ಆರು ಪದಗಳು ಸುಮ್ಮನೆ ಮಾಯವಾಗಲ್ಲ, ಸೂತ್ರವೂ ನಡೆಯಲ್ಲ.

ಇದನ್ನೆಲ್ಲ ಗಿಬ್ಸ್ ತಮ್ಮ ವಿದ್ಯಾರ್ಥಿಗಳಿಗೋಸ್ಕರ ಖಾಸಗಿಯಾಗಿ ಅಚ್ಚು ಹಾಕಿಸಿದರು, 1881ರಲ್ಲಿ ಅರ್ಧ, 1884ರಲ್ಲಿ ಇನ್ನರ್ಧ. ಸ್ಕಾಟ್ಲೆಂಡಿನ ಟೇಟ್‌ಗೆ ಸಿಟ್ಟು ಬಂತು. ಹ್ಯಾಮಿಲ್ಟನ್‌ರ ಸೊಗಸಾದ ಗಣಿತವನ್ನು ಕೆಡಿಸಿದರು ಅಂತ ಅಚ್ಚಿನಲ್ಲೇ ಗೇಲಿ ಮಾಡಿದರು. ಗಿಬ್ಸ್ ದನಿ ಏರಿಸಲಿಲ್ಲ. 1891ರಿಂದ ನೇಚರ್ ಪತ್ರಿಕೆಯಲ್ಲಿ ಸಮಾಧಾನವಾಗಿ ಉತ್ತರ ಬರೆದರು: ಲೆಕ್ಕ ಮಾಡುವವನಿಗೆ ಯಾವುದು ನೇರವಾಗಿ ಅರ್ಥ ಕೊಡುತ್ತೋ ಅದು ಮುಖ್ಯ ಅನ್ನೋದೇ ಅವರ ವಾದ.

ಮದುವೆಯಾಗಲಿಲ್ಲ, ಅಕ್ಕನ ಸಂಸಾರದ ಜೊತೆ ಅಪ್ಪನ ಮನೆಯಲ್ಲೇ ಇದ್ದರು. 1901ರಲ್ಲಿ ಶಿಷ್ಯ ವಿಲ್ಸನ್ ಆ ಪಾಠಗಳನ್ನು ಪುಸ್ತಕ ಮಾಡಿದ ಮೇಲೆ ಚುಕ್ಕಿ ಎಲ್ಲ ಕಡೆ ಹರಡಿತು. 1903ರಲ್ಲಿ, 64ನೇ ವಯಸ್ಸಿಗೆ, ಗಿಬ್ಸ್ ತೀರಿಕೊಂಡರು.

ಮುಂದಿನ ಸಲ ಆ ಮೂರು ಪದ ಕೂಡಿಸುವಾಗ, ಬರೆಯದೇ ಬಿಟ್ಟ ಆರು ಪದಗಳನ್ನೂ ಒಮ್ಮೆ ನೆನೆಸಿಕೊಳ್ಳಿ.