ಉಕ್ಕಿನ ತಂತಿಗೆ ನೆನಪು ಕೊಟ್ಟ ವಾಲ್ಡೆಮಾರ್ ಪೌಲ್ಸೆನ್

ಹಾರ್ಡ್ ಡಿಸ್ಕ್ ಕಂಡುಹಿಡಿದವರು ಯಾರು ಎಂದು ಕ್ವಿಜ್‌ನಲ್ಲಿ ಕೇಳಿದರೆ ನಾವು ಐಬಿಎಂ ಎಂದು ಬರೆದು ಅಂಕ ಪಡೆಯುತ್ತೇವೆ. ಉತ್ತರ ಸರಿಯೇ. ಆದರೆ ಆ ಡಿಸ್ಕ್ ಮಾಹಿತಿಯನ್ನು ಬರೆಯುವ, ಓದುವ, ಅಳಿಸುವ ಉಪಾಯ ಐಬಿಎಂ ಕಂಪನಿಗಿಂತಲೂ ಹಳೆಯದು. ಕಂಪ್ಯೂಟರ್ ಎಂಬ ಯಂತ್ರ ಇನ್ನೂ ಹುಟ್ಟಿರದ ಕಾಲದಲ್ಲಿ, ಡೆನ್ಮಾರ್ಕಿನ ಟೆಲಿಫೋನ್ ಕಂಪನಿಯೊಂದರಲ್ಲಿ ಸಹಾಯಕರಾಗಿದ್ದ ಯುವಕನೊಬ್ಬ ಅದನ್ನು ಮಾಡಿ ತೋರಿಸಿದರು. ಅವರ ಹೆಸರು ವಾಲ್ಡೆಮಾರ್ ಪೌಲ್ಸೆನ್.

ಪೌಲ್ಸೆನ್ ಹುಟ್ಟಿದ್ದು 1869ರ ನವೆಂಬರ್ 23ರಂದು, ಕೋಪನ್‌ಹೇಗನ್ ನಗರದಲ್ಲಿ. ತಂದೆ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ನ್ಯಾಯಾಧೀಶರು. ಮನೆಯಲ್ಲಿ ಓದಿಗೆ ಕೊರತೆ ಇರಲಿಲ್ಲ. ಆದರೆ ಹುಡುಗನಿಗೆ ಗಣಿತ ಅಷ್ಟಾಗಿ ಹಿಡಿಸಲಿಲ್ಲ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರವೆಂದರೆ ಮಾತ್ರ ಪ್ರೀತಿ. 1889ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯ ಸೇರಿ ನಾಲ್ಕು ವರ್ಷ ವಿಜ್ಞಾನ ಓದಿದರು, ಪದವಿ ಪಡೆಯದೆ ಹೊರಬಂದರು. ಗಣಿತದ ಪರೀಕ್ಷೆಯ ಹಿಂದಿನ ರಾತ್ರಿ ಈ ಮಾತನ್ನು ನೆಪವಾಗಿ ಹಿಡಿಯುವ ಗೆಳೆಯರು ಒಂದು ವಿಷಯ ಗಮನಿಸಬೇಕು. ಅವರು ಕಾಲೇಜು ಬಿಟ್ಟರೇ ಹೊರತು ಪ್ರಯೋಗ ಬಿಡಲಿಲ್ಲ. 1893ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ತಾಂತ್ರಿಕ ವಿಭಾಗ ಸೇರಿದ ಮೇಲೆ, ತಂತಿ, ಬ್ಯಾಟರಿ, ವಿದ್ಯುತ್ಕಾಂತಗಳ ನಡುವೆಯೇ ಅವರ ದಿನ ಕಳೆಯುತ್ತಿತ್ತು.

ಟೆಲಿಫೋನಿನ ಒಂದು ತೊಂದರೆ ಅವರ ಕಣ್ಣ ಮುಂದೆಯೇ ಇತ್ತು. ಕರೆ ಬಂದಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಹೇಳಬೇಕಾದ ಮಾತು ಗಾಳಿಯಲ್ಲಿ ಹೋಯಿತು. ಆ ಮಾತನ್ನು ಹಿಡಿದಿಟ್ಟು ಆಮೇಲೆ ಕೇಳಿಸುವ ಉಪಕರಣವೊಂದು ಬೇಕಿತ್ತು. ಎಡಿಸನ್‌ರ ಫೋನೋಗ್ರಾಫ್ 1877ರಲ್ಲೇ ಬಂದಿತ್ತು ನಿಜ. ಆದರೆ ಅದು ಸೂಜಿಯಿಂದ ಗೀರುವ ಯಂತ್ರ. ಕೇಳಿದಷ್ಟೂ ಗೀರು ಸವೆಯುತ್ತದೆ, ಅದೇ ಜಾಗದಲ್ಲಿ ಹೊಸ ಮಾತು ಬರೆಯುವುದು ಸುಲಭವಲ್ಲ. ಗೀರದೆ ಬರೆಯಲು ಸಾಧ್ಯವೇ ಎಂಬುದು ಪೌಲ್ಸೆನ್ ಅವರ ಪ್ರಶ್ನೆಯಾಯಿತು.

ಅವರ ಪ್ರಯೋಗ ಎಷ್ಟು ಸರಳವೆಂದರೆ ನಮ್ಮ ಲ್ಯಾಬ್‌ನಲ್ಲೂ ಮಾಡಬಹುದು ಅನಿಸುತ್ತದೆ. ಕೋಣೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಉಕ್ಕಿನ ತಂತಿಯನ್ನು ಓರೆಯಾಗಿ ಬಿಗಿದು ಕಟ್ಟಿದರು. ತಂತಿಯ ಮೇಲೆ ಜಾರುವ ಪುಟ್ಟ ಗಾಡಿಯಲ್ಲಿ ಒಂದು ವಿದ್ಯುತ್ಕಾಂತ. ಅದಕ್ಕೆ ಬ್ಯಾಟರಿ ಮತ್ತು ಟೆಲಿಫೋನಿನ ಮಾತನಾಡುವ ಭಾಗವನ್ನು ಜೋಡಿಸಿದರು. ಗಾಡಿ ಮೇಲಿನಿಂದ ಕೆಳಕ್ಕೆ ಜಾರುವಾಗ ಅವರು ಅದರ ಜೊತೆಗೇ ಮಾತನಾಡುತ್ತ ಸಾಗಿದರು. ಬಳಿಕ ಮಾತನಾಡುವ ಭಾಗ ಮತ್ತು ಬ್ಯಾಟರಿಯನ್ನು ತೆಗೆದು, ಆ ಜಾಗದಲ್ಲಿ ಕಿವಿಗಿಡುವ ಭಾಗವನ್ನು ಜೋಡಿಸಿ, ಗಾಡಿಯನ್ನು ಮತ್ತೆ ಮೇಲಿನಿಂದ ಜಾರಿಸಿದರು. ಅವರದೇ ಮಾತು ಕ್ಷೀಣವಾಗಿ ಮರಳಿ ಕೇಳಿಸಿತು.

ಇಲ್ಲಿ ನಡೆದದ್ದೇನು? ಮಾತಿನ ಏರಿಳಿತಕ್ಕೆ ತಕ್ಕಂತೆ ವಿದ್ಯುತ್ ಏರಿಳಿಯಿತು, ವಿದ್ಯುತ್ತಿಗೆ ತಕ್ಕಂತೆ ಕಾಂತದ ಬಲವೂ ಏರಿಳಿಯಿತು. ಕಾಂತ ಹಾದುಹೋದ ಪ್ರತಿ ಜಾಗದಲ್ಲೂ ತಂತಿಯ ಆ ಚೂರು ಅಷ್ಟಷ್ಟೇ ಕಾಂತತ್ವವನ್ನು ಹಿಡಿದಿಟ್ಟುಕೊಂಡಿತು. ಮೆದು ಕಬ್ಬಿಣವಾಗಿದ್ದರೆ ಕಾಂತ ದೂರ ಸರಿದಂತೆ ಬಹುಪಾಲು ಮರೆತುಬಿಡುತ್ತಿತ್ತು. ಗಟ್ಟಿ ಉಕ್ಕು ಮರೆಯುವುದಿಲ್ಲ. ಇದು ಬರೆಯುವ ಕ್ರಿಯೆ. ಇನ್ನು ಓದುವುದು ದ್ವಿತೀಯ ಪಿಯುಸಿಯಲ್ಲಿ ನಾವು ಕಲಿಯುವ ಫ್ಯಾರಡೆಯ ನಿಯಮ. ಸುರುಳಿಯ ಮೂಲಕ ಹಾಯುವ ಕಾಂತೀಯ ಪ್ರವಾಹ ಬದಲಾದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಏರಿಳಿಯುವ ಕಾಂತತ್ವವುಳ್ಳ ತಂತಿಯ ಮೇಲೆ ಸುರುಳಿ ಸಾಗಿದಾಗ ಮಾತಿನ ವಿದ್ಯುತ್ ಮತ್ತೆ ಹುಟ್ಟಿತು. ಅಳಿಸುವುದು ಎಲ್ಲಕ್ಕಿಂತ ಸುಲಭ: ಬ್ಯಾಟರಿಯ ಏಕಪ್ರಕಾರದ ವಿದ್ಯುತ್ತನ್ನು ಹಾಯಿಸುತ್ತ ತಂತಿಯುದ್ದಕ್ಕೂ ಕಾಂತವನ್ನು ಎಳೆದರೆ ಸಾಕು. ಏರಿಳಿತ ಸಮತಟ್ಟಾಗಿ, ತಂತಿ ಹೊಸ ಮಾತಿಗೆ ಸಿದ್ಧ.

ನ್ಯಾಯವಾಗಿ ಇನ್ನೊಬ್ಬರ ಹೆಸರನ್ನೂ ಹೇಳಬೇಕು. ಅಮೆರಿಕದ ಎಂಜಿನಿಯರ್ ಓಬರ್ಲಿನ್ ಸ್ಮಿತ್ ಇಂಥದೇ ಯೋಚನೆಯನ್ನು ಹತ್ತು ವರ್ಷ ಮೊದಲೇ, 1888ರಲ್ಲಿ, ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದರು. ಆದರೆ ಜನರ ಮುಂದೆ ಕೆಲಸ ಮಾಡಿ ತೋರಿಸುವ ಯಂತ್ರ ಅವರಿಂದ ಬರಲಿಲ್ಲ. 1898ರ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, ಟೆಲಿಗ್ರಾಫೋನ್ ಎಂಬ ಹೆಸರಿಟ್ಟು ಯಂತ್ರವನ್ನು ಕಟ್ಟಿ ನಿಲ್ಲಿಸಿದವರು ಪೌಲ್ಸೆನ್.

ಆ ಯಂತ್ರದಲ್ಲಿ ಉರುಳೆಯ ಸುತ್ತ ಉಕ್ಕಿನ ತಂತಿ ಸುತ್ತಿರುತ್ತಿತ್ತು. ಉರುಳೆ ತಿರುಗಿದಂತೆ ವಿದ್ಯುತ್ಕಾಂತ ತಂತಿಯನ್ನು ಹಿಡಿದು ಸರಿಯುತ್ತಿತ್ತು. ನನಗೆ ಇದಕ್ಕಿಂತ ಬೆರಗು ತರುವುದು ಅವರ ಅಮೆರಿಕನ್ ಪೇಟೆಂಟ್. 1900ರಲ್ಲಿ ಮಂಜೂರಾದ ಅದರಲ್ಲಿ ತಂತಿಯ ಬದಲು ಏನೇನು ಬಳಸಬಹುದೆಂದು ಅವರು ಬರೆದಿದ್ದಾರೆ: ಉಕ್ಕಿನ ಪಟ್ಟಿ, ಲೋಹದ ಪುಡಿ ಲೇಪಿಸಿದ ಕಾಗದ, ಕಾಂತವು ಸುರುಳಿಯಾಕಾರದಲ್ಲಿ ಚಲಿಸುವ ತಟ್ಟೆ. ಅಂದರೆ ನಮ್ಮ ಹಿರಿಯರು ಹಾಡು ಕೇಳುತ್ತಿದ್ದ ಕ್ಯಾಸೆಟ್ ಮತ್ತು ಇಂದಿನ ಹಾರ್ಡ್ ಡಿಸ್ಕ್ ಎರಡರ ಬೀಜವೂ ಒಂದೇ ಕಾಗದದಲ್ಲಿ ಇತ್ತು!

1900ರಲ್ಲಿ ಪ್ಯಾರಿಸ್ ನಗರದ ವಿಶ್ವ ವಸ್ತುಪ್ರದರ್ಶನದಲ್ಲಿ ಟೆಲಿಗ್ರಾಫೋನ್ ಜನರ ಮುಂದೆ ಬಂತು. ಅಲ್ಲಿ ಅದಕ್ಕೆ ಗ್ರ್ಯಾಂಡ್ ಪ್ರಿ ಎಂಬ ದೊಡ್ಡ ಪ್ರಶಸ್ತಿ ಬಂತು. ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಅದರೆದುರು ನಿಂತು ಕೆಲವು ಮಾತು ಆಡಿದರು. ಪೌಲ್ಸೆನ್‌ಗೆ ಆಗ ಮೂವತ್ತೊಂದೂ ತುಂಬಿರಲಿಲ್ಲ.

ಇಷ್ಟಾದ ಮೇಲೆ ಲೋಕವೆಲ್ಲ ಟೆಲಿಗ್ರಾಫೋನ್ ಕೊಂಡಿರಬೇಕು ಎಂದುಕೊಳ್ಳುತ್ತೇವೆ. ಹಾಗಾಗಲಿಲ್ಲ. 1903ರಲ್ಲಿ ಅಮೆರಿಕನ್ ಟೆಲಿಗ್ರಾಫೋನ್ ಕಂಪನಿ ಶುರುವಾಯಿತು. ಕಚೇರಿಗಳಲ್ಲಿ ಪತ್ರಗಳ ಒಕ್ಕಣೆ ಹೇಳಿ ಬರೆಸಲು ಈ ಯಂತ್ರ ಉಪಯುಕ್ತ ಎಂಬುದು ಲೆಕ್ಕಾಚಾರ. ಆದರೆ ತಂತಿ ಸೆಕೆಂಡಿಗೆ ಸುಮಾರು ಎರಡು ಮೀಟರ್ ವೇಗದಲ್ಲಿ ಓಡಬೇಕಿತ್ತು. ಅರ್ಧ ಗಂಟೆಯ ಮಾತಿಗೆ ಮೂರೂವರೆ ಕಿಲೋಮೀಟರಿಗೂ ಹೆಚ್ಚು ತಂತಿ! ಸಿಕ್ಕುಬಿದ್ದರೆ ಬಿಡಿಸುವ ಪಾಡು ಬೇರೆ. ದೊಡ್ಡ ತೊಡಕು ಇನ್ನೊಂದಿತ್ತು. ತಂತಿಯಿಂದ ಹುಟ್ಟುವ ವಿದ್ಯುತ್ ತೀರಾ ಸಣ್ಣದು, ಅದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್ ಆಗ ಇರಲಿಲ್ಲ. ಕಿವಿಗೆ ಒತ್ತಿ ಹಿಡಿದವರಿಗಷ್ಟೇ ದನಿ ಕೇಳಿಸುತ್ತಿತ್ತು. ದನಿಯ ಸೂಕ್ಷ್ಮ ಏರಿಳಿತಗಳನ್ನು ಉಕ್ಕು ಅಷ್ಟು ನಿಷ್ಠೆಯಿಂದ ಹಿಡಿಯುತ್ತಲೂ ಇರಲಿಲ್ಲ. ಪೌಲ್ಸೆನ್ ಮತ್ತು ಅವರ ಜೊತೆಗಾರ ಎಂಜಿನಿಯರ್ ಪೆಡರ್ ಓಲುಫ್ ಪೆಡರ್ಸೆನ್ ಸೇರಿ, ಬರೆಯುವಾಗ ಸ್ವಲ್ಪ ನೇರ ವಿದ್ಯುತ್ತನ್ನು ಬೆರೆಸಿ ದನಿಯನ್ನು ಸುಧಾರಿಸಿದರು. ಆದರೂ ಕಂಪನಿ ಸೋತಿತು. ಹಣ ಹಾಕಿದ ಜನ ಕೈಸುಟ್ಟುಕೊಂಡರು, ಯಂತ್ರ ಮೂಲೆ ಸೇರಿತು.

ಪೌಲ್ಸೆನ್ ಅಷ್ಟರಲ್ಲಿ ರೇಡಿಯೊ ಕಡೆಗೆ ತಿರುಗಿದ್ದರು. ಆಗಿನ ರೇಡಿಯೊ ಪ್ರೇಷಕಗಳು ಕಿಡಿ ಹಾರಿಸಿ ಬಿಟ್ಟುಬಿಟ್ಟು ಅಲೆ ಕಳಿಸುತ್ತಿದ್ದವು. ಇಂಗ್ಲೆಂಡಿನ ವಿಲಿಯಂ ಡಡೆಲ್ ರೂಪಿಸಿದ್ದ ವಿದ್ಯುತ್ ಚಾಪವನ್ನು ಪೌಲ್ಸೆನ್ ಜಲಜನಕವಿರುವ ಅನಿಲದಲ್ಲಿ, ಬಲವಾದ ಕಾಂತಕ್ಷೇತ್ರದ ನಡುವೆ ಉರಿಸಿ, ಎಡೆಬಿಡದ ರೇಡಿಯೊ ಅಲೆಗಳನ್ನು ಪಡೆದರು. ಪೌಲ್ಸೆನ್ ಆರ್ಕ್ ಎಂದು ಹೆಸರಾದ ಇದನ್ನು ಅಮೆರಿಕದ ನೌಕಾಪಡೆಯೂ ಬಳಸಿತು. ಅವರಿಗೆ ಹಣ, ಕೀರ್ತಿ, 1909ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಎಲ್ಲವೂ ಬಂದವು. ಬದುಕಿದ್ದಾಗ ಜಗತ್ತು ಅವರನ್ನು ಮುಖ್ಯವಾಗಿ ರೇಡಿಯೊ ವಿಜ್ಞಾನಿ ಎಂದೇ ಗುರುತಿಸಿತ್ತು.

ಟೆಲಿಗ್ರಾಫೋನ್ ಉಪಾಯ ಮಾತ್ರ ಸಾಯಲಿಲ್ಲ. ನಿರ್ವಾತ ಕೊಳವೆಯ ಆಂಪ್ಲಿಫೈಯರ್ ಬಂದ ಮೇಲೆ ಅದಕ್ಕೆ ಮರುಜೀವ ಬಂತು. 1928ರಲ್ಲಿ ಫ್ರಿಟ್ಸ್ ಫ್ಲಾಯ್ಮರ್ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಲೇಪಿಸಿ ಟೇಪ್ ಮಾಡಿದರು. 1935ರಲ್ಲಿ ಬರ್ಲಿನ್ ರೇಡಿಯೊ ಮೇಳದಲ್ಲಿ ಮ್ಯಾಗ್ನೆಟೋಫೋನ್ ಎಂಬ ಟೇಪ್ ಯಂತ್ರವನ್ನು ತೋರಿಸಲಾಯಿತು. ಪೌಲ್ಸೆನ್ ಆಗ ಇನ್ನೂ ಬದುಕಿದ್ದರು. 1942ರ ಜುಲೈಯಲ್ಲಿ, ತಾಯ್ನಾಡು ಜರ್ಮನ್ ಸೇನೆಯ ವಶದಲ್ಲಿದ್ದಾಗ, ತಮ್ಮ 72ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅವರ ಪೇಟೆಂಟಿನಲ್ಲಿದ್ದ ತಟ್ಟೆಯ ಮಾತಿಗೆ ಕಂಪ್ಯೂಟರ್ ಲೋಕದಲ್ಲಿ ಅರ್ಥ ಬಂದದ್ದು 1956ರಲ್ಲಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರೆನಾಲ್ಡ್ ಜಾನ್ಸನ್ ಅವರ ತಂಡ ಐಬಿಎಂಗಾಗಿ ರಾಮ್ಯಾಕ್ ಎಂಬ ಯಂತ್ರವನ್ನು ರೂಪಿಸಿತು. ಅದರಲ್ಲಿ 24 ಇಂಚು ಅಗಲದ 50 ತಟ್ಟೆಗಳು ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಸುಮಾರು ಒಂದು ಟನ್ ತೂಗುವ ಆ ಡಿಸ್ಕ್ ಘಟಕದಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ ಮಾತ್ರ. ಇಂದು ಮೊಬೈಲಿನಲ್ಲಿ ತೆಗೆಯುವ ಒಂದೆರಡು ಫೋಟೊಗೆ ಸಾಲುವಷ್ಟು!

ಟೆಲಿಗ್ರಾಫೋನಿನ ದೌರ್ಬಲ್ಯ ಇಲ್ಲಿ ದೌರ್ಬಲ್ಯವಾಗಲಿಲ್ಲ. ಮಾತಿಗೆ ನೂರಾರು ಛಾಯೆಗಳು ಬೇಕು, ಉಕ್ಕು ಅವನ್ನು ಕೆಡಿಸುತ್ತಿತ್ತು. ಕಂಪ್ಯೂಟರಿಗೆ ಬೇಕಾದದ್ದು ಸೊನ್ನೆ ಮತ್ತು ಒಂದು. ಕಾಂತತ್ವ ಈ ದಿಕ್ಕಿಗಿದೆಯೋ ಆ ದಿಕ್ಕಿಗಿದೆಯೋ ಎಂದು ತಿಳಿದರೆ ಕೆಲಸ ಮುಗಿಯಿತು. ಉಳಿದಂತೆ ಪೌಲ್ಸೆನ್ ತಂತಿಯ ಗುಣಗಳೆಲ್ಲ ಕಂಪ್ಯೂಟರಿಗೆ ಹೇಳಿ ಮಾಡಿಸಿದಂತಿದ್ದವು: ಕರೆಂಟ್ ಹೋದರೂ ಮರೆಯುವುದಿಲ್ಲ, ಓದಿದರೆ ಸವೆಯುವುದಿಲ್ಲ, ಅದೇ ಜಾಗದಲ್ಲಿ ಎಷ್ಟು ಸಲ ಬೇಕಾದರೂ ಹೊಸದಾಗಿ ಬರೆಯಬಹುದು.

ಕೆಟ್ಟುಹೋದ ಹಾರ್ಡ್ ಡಿಸ್ಕ್ ಬಿಚ್ಚಿ ನೋಡಿದವರಿಗೆ ಕನ್ನಡಿಯಂತೆ ಹೊಳೆಯುವ ತಟ್ಟೆಯೂ ಅದರ ಮೇಲೆ ಚಾಚಿದ ಸಣ್ಣ ತೋಳೂ ಕಾಣುತ್ತವೆ. ತೋಳಿನ ತುದಿಯಲ್ಲಿರುವುದೇ ಹೆಡ್. ಬರೆಯುವಾಗ ಅದರ ಸುರುಳಿಯಲ್ಲಿ ವಿದ್ಯುತ್ತಿನ ದಿಕ್ಕು ಬದಲಾದಂತೆಲ್ಲ ತಟ್ಟೆಯ ಲೇಪನದಲ್ಲಿ ಕಾಂತತ್ವದ ದಿಕ್ಕೂ ಬದಲಾಗುತ್ತದೆ. ಹಳೆಯ ಡಿಸ್ಕ್‌ಗಳಲ್ಲಿ ಓದುವುದೂ ಫ್ಯಾರಡೆಯ ನಿಯಮದಿಂದಲೇ. ದಿಕ್ಕು ಬದಲಾಗುವ ಗಡಿ ಹೆಡ್ಡಿನ ಕೆಳಗೆ ಹಾದಾಗ ಮಾತ್ರ ವಿದ್ಯುತ್ ಮಿಡಿಯುತ್ತದೆ, ಬದಲಾವಣೆ ಇಲ್ಲದ ಕಡೆ ಸದ್ದಿಲ್ಲ. ಹಾಗಾಗಿ ಸರಳವಾಗಿ ಹೇಳಿದರೆ ಬದಲಾವಣೆ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಗುರುತುಗಳು ಚಿಕ್ಕದಾಗುತ್ತ ಹೋದಂತೆ ಆ ಮಿಡಿತ ಸಾಲದಾಯಿತು. ಆಗ ಕಾಂತಕ್ಷೇತ್ರಕ್ಕೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ತೆಳು ಲೋಹದ ಪದರಗಳು ಓದುವ ಕೆಲಸಕ್ಕೆ ಬಂದವು. ಈ ದಾರಿಯ ಒಂದು ದೊಡ್ಡ ಶೋಧಕ್ಕಾಗಿ ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ 2007ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದರು. ಬರೆಯುವುದು ಮಾತ್ರ ಇಂದಿಗೂ ಪೌಲ್ಸೆನ್ ರೀತಿಯಲ್ಲೇ, ಸುರುಳಿಯ ವಿದ್ಯುತ್ತಿನಿಂದ.

ನಿಮಿಷಕ್ಕೆ 7,200 ಸುತ್ತು ತಿರುಗುವ ಡೆಸ್ಕ್‌ಟಾಪ್ ಡಿಸ್ಕಿನ ಅಂಚು ಗಂಟೆಗೆ 120 ಕಿಲೋಮೀಟರ್ ಮೀರಿದ ವೇಗದಲ್ಲಿ ಓಡುತ್ತದೆ. ಹೆಡ್ ಅದಕ್ಕೆ ತಾಗದೆ, ಗಾಳಿಯ ತೆಳು ಪದರದ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಓಡುತ್ತಿರುವ ಎಕ್ಸ್‌ಟರ್ನಲ್ ಡಿಸ್ಕನ್ನು ಬೀಳಿಸಬಾರದು, ಕುಲುಕಬಾರದು ಎನ್ನುವುದು ಇದಕ್ಕೇ. ಹೆಡ್ ತಟ್ಟೆಗೆ ಬಡಿದರೆ ಅಕ್ಕನ ನಿಕಾಹ್‌ನ ಫೋಟೊಗಳೂ ನಮ್ಮ ಪ್ರಾಜೆಕ್ಟ್ ವರದಿಯೂ ಒಟ್ಟಿಗೇ ಹೋಗುತ್ತವೆ. ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಲೇಬೇಕು. ಫೈಲ್ ಡಿಲೀಟ್ ಮಾಡಿದಾಗ ಸಾಮಾನ್ಯವಾಗಿ ಅಳಿಯುವುದು ಪಟ್ಟಿಯಲ್ಲಿರುವ ಅದರ ಹೆಸರು ಮಾತ್ರ. ತಟ್ಟೆಯ ಮೇಲಿನ ಕಾಂತೀಯ ಗುರುತುಗಳು ಅಲ್ಲಿ ಹೊಸದನ್ನು ಬರೆಯುವವರೆಗೂ ಇರುತ್ತವೆ. ಹಳೆಯ ಕಂಪ್ಯೂಟರ್ ಮಾರುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಈಗ ಲ್ಯಾಪ್‌ಟಾಪ್‌ಗಳಲ್ಲಿ ಬರುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಕಾಂತವೂ ಇಲ್ಲ. ಸೂಕ್ಷ್ಮ ಕೋಶಗಳಲ್ಲಿ ಎಲೆಕ್ಟ್ರಾನ್‌ಗಳನ್ನು ಕೂಡಿಹಾಕಿ ಮಾಹಿತಿ ಉಳಿಸುತ್ತಾರೆ. ಅದು ವೇಗದ್ದು, ಕುಲುಕಿದರೂ ಹೆದರಿಕೆಯಿಲ್ಲ. ಆದರೆ ಬರೆದು ಅಳಿಸಿದಷ್ಟೂ ಅದರ ಕೋಶ ಸವೆಯುತ್ತದೆ, ಪೌಲ್ಸೆನ್ ತಂತಿಗೆ ಆ ಚಿಂತೆ ಇರಲಿಲ್ಲ. ಇಂಟರ್ನೆಟ್ ಸೇವೆಗಳ ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಕಡಿಮೆ ಖರ್ಚಿನಲ್ಲಿ ಹೆಚ್ಚು ಮಾಹಿತಿ ಇಡಬೇಕಾದ ಕಡೆ ಇಂದಿಗೂ ತಟ್ಟೆಗಳೇ ತಿರುಗುತ್ತಿವೆ.

ಪ್ಯಾರಿಸ್‌ನಲ್ಲಿ ಫ್ರಾನ್ಸ್ ಜೋಸೆಫ್ ಆಡಿದ ಮಾತುಗಳು ಡೆನ್ಮಾರ್ಕಿನ ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಉಳಿದಿವೆ. ಇಂದು ನಮಗೆ ಕೇಳಸಿಗುವ ಅತಿ ಹಳೆಯ ಕಾಂತೀಯ ಧ್ವನಿಮುದ್ರಣ ಅದೇ. ಚಕ್ರವರ್ತಿಯ ಸಾಮ್ರಾಜ್ಯ 1918ರಲ್ಲಿ ಒಡೆದುಹೋಯಿತು. ಸದ್ದುಗದ್ದಲದ ನಡುವೆ ಅವರ ದನಿ ಮಾತ್ರ ಇನ್ನೂ ಕೇಳಿಸುತ್ತದೆ.