ಬಟಾಣಿ ತೋಟದ ಯಾಜಕ ಗ್ರೆಗೋರ್ ಮೆಂಡೆಲ್

ವಿಶ್ವಾಸಕ್ಕೂ ವಿಜ್ಞಾನಕ್ಕೂ ಎಣ್ಣೆ ಸೀಗೆಕಾಯಿಯ ನಂಟು ಎಂದು ಭಾವಿಸುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ತಂದೆತಾಯಿಯರ ಗುಣಗಳು ಮಕ್ಕಳಿಗೆ ಯಾವ ನಿಯಮದಂತೆ ಇಳಿದುಬರುತ್ತವೆ ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟವರು ಒಬ್ಬ ಕಥೋಲಿಕ ಯಾಜಕರು ಎಂಬುದನ್ನು ನೆನೆದರೆ ಈ ಭಾವನೆ ಎಷ್ಟು ಪೊಳ್ಳೆಂಬುದು ತಿಳಿಯುತ್ತದೆ.

ಅಂದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದು ಇಂದು ಚೆಕ್ ಗಣರಾಜ್ಯದಲ್ಲಿರುವ ಒಂದು ಹಳ್ಳಿಯಲ್ಲಿ, 1822ರ ಜುಲೈ ತಿಂಗಳಲ್ಲಿ, ಬಡ ರೈತನ ಮಗನಾಗಿ ಮೆಂಡೆಲರು ಜನಿಸಿದರು. ಜ್ಞಾನಸ್ನಾನದಲ್ಲಿ ಅವರಿಗಿಟ್ಟ ಹೆಸರು ಯೋಹಾನ್. ಮರದ ದಿಮ್ಮಿ ಬಿದ್ದು ತಂದೆ ದುಡಿಯಲಾರದಂತಾದಾಗ ಓದು ನಿಲ್ಲುವ ಪರಿಸ್ಥಿತಿ ಒದಗಿತು. ಆಗ ಕಿರಿಯ ತಂಗಿ ತೆರೇಸಿಯಾ ತನ್ನ ಮದುವೆಗೆ ಮೀಸಲಾಗಿದ್ದ ಪಾಲಿನಲ್ಲಿ ಒಂದಂಶವನ್ನು ಅಣ್ಣನ ವಿದ್ಯೆಗಾಗಿ ಬಿಟ್ಟುಕೊಟ್ಟಳು. ಮುಂದೆ ಆಕೆಯ ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾಗಿ ಮೆಂಡೆಲರು ಆ ಋಣವನ್ನು ತೀರಿಸಿದರು.

1843ರಲ್ಲಿ ಬ್ರನೋ ಪಟ್ಟಣದ ಸಂತ ತೋಮಾಸರ ಅಗಸ್ಟೀನಿಯನ್ ಮಠವನ್ನು ಸೇರಿ ಗ್ರೆಗೋರ್ ಎಂಬ ನಾಮವನ್ನು ಧರಿಸಿದರು. 1847ರಲ್ಲಿ ಯಾಜಕದೀಕ್ಷೆಯಾಯಿತು. ಆದರೆ ರೋಗಿಗಳ ನರಳಾಟವನ್ನು ಕಂಡು ಅವರೇ ಹಾಸಿಗೆ ಹಿಡಿಯುತ್ತಿದ್ದರು. ಇದನ್ನರಿತ ಮಠಾಧ್ಯಕ್ಷರು ಅವರನ್ನು ಶಾಲೆಯಲ್ಲಿ ಕಲಿಸುವ ಕೆಲಸಕ್ಕೆ ಕಳುಹಿಸಿದರು. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ 1850ರಲ್ಲಿ ಅನುತ್ತೀರ್ಣರಾದರು. ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ಓದಿಬಂದ ಬಳಿಕ 1856ರಲ್ಲಿ ಮಾಡಿದ ಮರುಪ್ರಯತ್ನವೂ ಫಲಿಸಲಿಲ್ಲ. ಮಕ್ಕಳ ಅಂಕಪಟ್ಟಿಯನ್ನು ಕಂಡು ಕಂಗೆಡುವ ತಂದೆತಾಯಿಯರು ಇದನ್ನು ಗಮನಿಸಬೇಕು.

ಅದೇ 1856ರಲ್ಲಿ ಅವರು ಮಠದ ತೋಟದಲ್ಲಿ ಬಟಾಣಿ ಗಿಡಗಳ ಪ್ರಯೋಗವನ್ನು ಆರಂಭಿಸಿದರು. ಎಂಟು ವರ್ಷಗಳ ಕಾಲ, ಸುಮಾರು 28,000 ಗಿಡಗಳನ್ನು ಬೆಳೆಸಿ, ಕಾಳಿನ ಆಕಾರ, ಹೂವಿನ ಬಣ್ಣ, ಗಿಡದ ಎತ್ತರ ಮೊದಲಾದ ಏಳು ಗುಣಗಳನ್ನು ತಾಳ್ಮೆಯಿಂದ ಎಣಿಸಿದರು. ದುಂಡು ಕಾಳಿನ ತಳಿಯನ್ನೂ ಸುಕ್ಕು ಕಾಳಿನ ತಳಿಯನ್ನೂ ಕೂಡಿಸಿದಾಗ ಮೊದಲ ಪೀಳಿಗೆಯ ಕಾಳುಗಳೆಲ್ಲವೂ ದುಂಡಾಗಿದ್ದವು. ಸುಕ್ಕು ಅಳಿದೇಹೋಯಿತೆಂದು ಯಾರಾದರೂ ಹೇಳಬಹುದಾಗಿತ್ತು. ಆದರೆ ಅವನ್ನೇ ಬಿತ್ತಿ ಪಡೆದ 7,324 ಕಾಳುಗಳಲ್ಲಿ 5,474 ದುಂಡು, 1,850 ಸುಕ್ಕು! ಮೂರಕ್ಕೆ ಒಂದರಂತೆ ಸುಕ್ಕು ಮರಳಿ ಬಂದಿತ್ತು.

ಪ್ರತಿಯೊಂದು ಗುಣಕ್ಕೂ ತಂದೆಯಿಂದ ಒಂದು, ತಾಯಿಯಿಂದ ಒಂದು ಅಂಶ ಬರುತ್ತದೆ. ಒಂದು ಮೇಲೆ ತೋರುತ್ತದೆ, ಇನ್ನೊಂದು ಮರೆಯಲ್ಲಿ ಉಳಿಯುತ್ತದೆ, ಆದರೆ ನಾಶವಾಗುವುದಿಲ್ಲ ಎಂಬುದು ಅವರ ಶೋಧ. ತೋರಿಕೆಯೇ ಇರವಲ್ಲ ಎಂಬ ತತ್ತ್ವಶಾಸ್ತ್ರದ ಹಳೆಯ ಮಾತಿಗೆ ಇಲ್ಲಿ ಲೆಕ್ಕದ ಆಧಾರ ದೊರೆಯಿತು.

1865ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಬ್ರನೋದ ವಿಜ್ಞಾನ ಸಂಘದ ಮುಂದೆ ಅವರು ಇದನ್ನು ಓದಿದರು, ಮರುವರ್ಷ ಅಚ್ಚಾಯಿತು. ಪಂಡಿತಲೋಕ ಅದರ ಬೆಲೆಯನ್ನು ಅರಿಯಲಿಲ್ಲ. 1868ರಲ್ಲಿ ಮಠಾಧ್ಯಕ್ಷರಾದ ಮೇಲೆ ಆಡಳಿತದ ಹೊರೆಯೂ, ಮಠದ ಮೇಲೆ ಹೇರಿದ ತೆರಿಗೆಯನ್ನು ಕುರಿತು ಸರ್ಕಾರದೊಡನೆ ನಡೆದ ದೀರ್ಘ ವಿವಾದವೂ ಅವರ ದಿನಗಳನ್ನು ನುಂಗಿದವು. 1884ರ ಜನವರಿ 6ರಂದು, ಜ್ಞಾನಿಗಳು ಬಾಲಯೇಸುವಿನ ದರ್ಶನ ಪಡೆದ ಹಬ್ಬದ ದಿನದಂದೇ, ಅವರು ದೈವಾಧೀನರಾದರು. 1900ರಲ್ಲಿ ಯುರೋಪಿನ ಇತರ ವಿಜ್ಞಾನಿಗಳು ಅದೇ ನಿಯಮವನ್ನು ಕಂಡಾಗ, ಅದನ್ನು ಮೊದಲೇ ಕಂಡಿದ್ದ ಮೆಂಡೆಲರ ಹೆಸರು ಬೆಳಕಿಗೆ ಬಂದಿತು.

ಅವರು ಕೇವಲ ಊಹಿಸಿದ್ದ ಆ ಅಂಶವನ್ನೇ ನಾವಿಂದು ವಂಶವಾಹಿ ಅಥವಾ ಜೀನ್ ಎನ್ನುತ್ತೇವೆ. ಇಂಗ್ಲೆಂಡಿನ ಸಂಶೋಧಕರು 1990ರಲ್ಲಿ ಸುಕ್ಕು ಕಾಳಿನ ಜೀನನ್ನು ಬೇರ್ಪಡಿಸಿ ಅದರ ಗುಟ್ಟನ್ನು ಬಿಡಿಸಿದರು. ದುಂಡು ಕಾಳಿನಲ್ಲಿ ಈ ಜೀನು ಒಂದು ಪ್ರೋಟೀನನ್ನು ರೂಪಿಸುತ್ತದೆ. ಆ ಪ್ರೋಟೀನು ಪಿಷ್ಟಕ್ಕೆ ಕವಲುಗಳನ್ನು ಜೋಡಿಸುವ ಕಿಣ್ವ. ಸುಕ್ಕು ಕಾಳಿನಲ್ಲಿ ಜೀನಿನ ನಡುವೆ ಡಿಎನ್‌ಎಯ ಒಂದು ತುಣುಕು ಹೊಕ್ಕು ಕಿಣ್ವದ ತಯಾರಿಕೆ ಕೆಡುತ್ತದೆ. ಪಿಷ್ಟ ಕಡಿಮೆಯಾಗಿ ಸಕ್ಕರೆ ಉಳಿಯುತ್ತದೆ, ಸಕ್ಕರೆ ನೀರನ್ನು ಹೀರಿ ಕಾಳನ್ನು ಉಬ್ಬಿಸುತ್ತದೆ, ಒಣಗಿದಾಗ ಅದು ಸುಕ್ಕುಗಟ್ಟುತ್ತದೆ. ಮುಂದಿನ ವರ್ಷಗಳಲ್ಲಿ ಇನ್ನೂ ಮೂರು ಗುಣಗಳ ಜೀನುಗಳು ದೊರೆತವು. ಉಳಿದ ಮೂರೂ 2025ರಲ್ಲಿ ಪ್ರಕಟವಾಗಿ ಏಳೂ ಪೂರ್ಣವಾದವು.

ಈ ಶೋಧ ನಮ್ಮ ಮನೆಗಳಿಗೂ ಸಂಬಂಧಿಸಿದೆ. ರೋಗದೊಡನೆ ಒಂದು ಮಗು ಹುಟ್ಟಿದರೆ ಸೊಸೆಯ ತವರಿನ ಕಡೆ ಬೆರಳು ತೋರಿಸುವ, ದೇವರ ಶಾಪವೆಂದು ಪಿಸುಗುಡುವ ಕುಟುಂಬಗಳು ಇಂದಿಗೂ ಇವೆ. ಥಲಸೀಮಿಯಾದಂತಹ ರಕ್ತದ ಕಾಯಿಲೆಯಲ್ಲಿ, ಆರೋಗ್ಯವಂತರಾಗಿ ಕಾಣುವ ತಂದೆತಾಯಿ ಇಬ್ಬರಲ್ಲೂ ಮರೆಯಲ್ಲಿದ್ದ ಒಂದೊಂದು ಅಂಶ ಮಗುವಿನಲ್ಲಿ ಕೂಡುತ್ತದೆ. ಇಬ್ಬರೂ ಅದನ್ನು ಹೊತ್ತವರಾದರೆ ಪ್ರತಿ ಬಸಿರಿನಲ್ಲೂ ಹೀಗಾಗುವ ಸಂಭವ ನಾಲ್ಕರಲ್ಲಿ ಒಂದು. ಮೆಂಡೆಲರ ಸುಕ್ಕು ಕಾಳಿನ ಲೆಕ್ಕವೇ ಇದು. ಇಲ್ಲಿ ಅಪರಾಧಿಗಳು ಯಾರೂ ಇಲ್ಲ. ಹುಟ್ಟುಕುರುಡನನ್ನು ಕಂಡು, ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ ಪ್ರಭು ಯೇಸು ಅವನನ್ನಾಗಲಿ ಅವನ ಹೆತ್ತವರನ್ನಾಗಲಿ ದೂಷಿಸಲಿಲ್ಲ. ಆ ಶುಭಸಂದೇಶವನ್ನು ಆಲಿಸುವ ನಾವು, ನೊಂದ ತಾಯಿಯ ಮೇಲೆ ಮತ್ತೊಂದು ಹೊರೆ ಹೊರಿಸದಿರೋಣ. ಆ ಮಗುವನ್ನು ಎತ್ತಿಕೊಳ್ಳಲು ಮೊದಲು ಕೈಚಾಚುವವರು ನಾವಾಗೋಣ.